ಹುಲಿಯ ಬಾಯಿಂದ ಕಂಡದ್ದು

ಶಾಲುಬಾಯಿಯ ಧ್ವನಿ ಆಟೋದಲ್ಲಿ ಕೂತು ಭಾಲ್ಕಿಯ ಬಸ್ ಸ್ಟ್ಯಾಂಡ್ ಮುಂದೆ ಹಾದುಹೋಯಿತು.

"ಬರ್ರಿ, ನೋಡ್ರಿ, ನಗ್ರಿ! 'ಹುಲಿ ಸಿಕ್ತಾ ಸಾರ್?' ನಮ್ಮ ಔರಾದ ತಾಲೂಕಿನಾಗ ತೆಗೆದ ಕಾಮಿಡಿ ಸಿನಿಮಾ! ಇವತ್ತ, ನಾಳಿ ಎರಡೇ ದಿನ!"

ಸಿನಿಮಾ ಬಂದದ್ದೇ ನಿನ್ನೆ.

ದತ್ತಾತ್ರಿ, ಮೆಕ್ಯಾನಿಕ್ ಹಾವಗೆಪ್ಪನ ಅಂಗಡಿಯಲ್ಲಿ, ಟೈರಿನ ಮೇಲೆ ಕೂತಿದ್ದ. ಅವನು ಓಡಿಸುವ ನೀರಿನ ಟ್ಯಾಂಕರಿನ ಪಂಪು ಕೆಟ್ಟಿತ್ತು. ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿದ್ದ ಆ ಬರದ ಬೇಸಿಗೆಯಲ್ಲಿ ಟ್ಯಾಂಕರ್ ಒಂದು ದಿನ ನಿಂತರೂ ಹಳ್ಳಿಯವರು ಮಾಲೀಕನಿಗೆ ಫೋನ್ ಮಾಡಿ ಬೈಯುತ್ತಿದ್ದರು. ದತ್ತಾತ್ರಿಗೆ ಈಗ ಅದೊಂದೂ ನೆನಪಿರಲಿಲ್ಲ. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅವನ ಕತ್ತು ಅದರ ಹಿಂದೆಯೇ ತಿರುಗಿತು.

"ಏ ದತ್ತು, ನೀ ಮಾಡಿದ ಸಿನಿಮಾ ಇದೇ ಅಲ್ಲೇನೋ?" ಹಾವಗೆಪ್ಪ ಪಂಪಿನೊಳಗಿಂದ ತಲೆ ಎತ್ತದೆ ಕೇಳಿದ. "ನಿನ್ನಿ ನಮ್ಮ ಅಳಿಯ ನೋಡ್ಲಾಕ ಹೋಗಿದ್ದ. ಇಂಟರ್ವಲ್‌ದಾಗ ಎದ್ದು ಬಂದಾನ."

"ನಾ ಹುಲಿ ಅದರಾಗ."

"ಹೌದು, ಹುಲಿ ಛಲೋ ಅದಂತ. ಉಳಿದೋರೆಲ್ಲಾ ಖರಾಬ್ ಅಂದ."

ದತ್ತಾತ್ರಿ ನಗಲಿಲ್ಲ. ಶಾಲು ಬೆಂಗಳೂರಿನಿಂದ ಬೀದರಕ್ಕೆ ವಾಪಸ್ ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು. ಬಂದು ತಿಂಗಳಾಗುತ್ತ ಬಂದಿತ್ತು. ಅವನು ನೋಡಲು ಹೋಗಿರಲಿಲ್ಲ, ಅವಳು ಕರೆದಿರಲಿಲ್ಲ. ಬರುವ ವಾರ ಅವನು ಅಣ್ಣನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಹೈದರಾಬಾದಿಗೆ ಹೋಗುವವನಿದ್ದ. ಅವನ ಊರು ಡಾಬಕಾದ ಅರ್ಧ ಓಣಿ ಆಗಲೇ ಅಲ್ಲಿತ್ತು. ಮಾತಾಡದೆ ಹೋದರೆ ಶಾಲುವಿನ ವಿಷಯ ಅಲ್ಲಿಗೇ ಮುಗಿಯುತ್ತದೆ. ಅದೂ ಗೊತ್ತಿತ್ತು. ಆದರೂ ಹೋಗಿರಲಿಲ್ಲ. ಕಾರಣ ಒಂದು ಮೊಣಕೈ.

ಬೆಂಗಳೂರಿನ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತ ಫೋಟೋ ಒಂದನ್ನು ಶಾಲು ವಾಟ್ಸಾಪಿಗೆ ಹಾಕಿದ್ದಳು. ಫೋಟೋದ ಅಂಚಿನಲ್ಲಿ ಒಬ್ಬ ಗಂಡಸಿನ ಮೊಣಕೈ, ಅದರ ಕೆಳಗೊಂದು ದಪ್ಪ ವಾಚು. ದತ್ತಾತ್ರಿ ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದ. ಆ ವಾಚು ಸಿನಿಮಾದ ಹೀರೋ ವಿಹಾನನದು.

"ಪಂಪ್ ನಾಳಿ ಮುಂಜಾನಿ ಆಗ್ತದ," ಅಂದ ಹಾವಗೆಪ್ಪ. "ಹೋಗು, ನಿನ್ನ ಸಿನಿಮಾ ನೋಡು. ಒಳಗ ಫ್ಯಾನರ ಅದಾವ."

*

ಬೆಂಗಳೂರಿನ ಸಿನಿಮಾದವರು ಔರಾದಿಗೆ ಬಂದದ್ದು ಹಿಂದಿನ ದೀಪಾವಳಿ ಮುಗಿದ ಮೇಲೆ. ಅವರ ಕಥೆಯಲ್ಲಿ 'ಕಾಡಿನ ಕಣ್ಣು' ಎಂಬ ಟಿವಿ ಕಾರ್ಯಕ್ರಮ ಮುಚ್ಚುವ ಸ್ಥಿತಿಯಲ್ಲಿರುತ್ತದೆ. ಅದರ ತಂಡಕ್ಕೆ ದೊಡ್ಡ ಕಾಡಿಗೆ ಹೋಗಲು ಗತಿಯಿಲ್ಲ. ಕಾಡೇ ಇಲ್ಲದ ಊರಿಗೆ ಬಂದು, ಮನುಷ್ಯನಿಗೆ ಹುಲಿಯ ಚರ್ಮ ತೊಡಿಸಿ, ಹುಲಿ ಸಿಕ್ಕಿದೆ ಎಂದು ದೇಶಕ್ಕೆಲ್ಲ ತೋರಿಸುತ್ತಾರೆ. ಡೈರೆಕ್ಟರ್ ಚಿಂತಾಕಿ ಹಳ್ಳಿಯ ಆಚೆಯ ಬೋಳು ಗುಡ್ಡ ನೋಡಿ, "ಇಲ್ಲಿ ಏನೂ ಇಲ್ಲ. ಸೂಪರ್!" ಅಂದಿದ್ದ. ಶೂಟಿಂಗಿಗೆ ನೀರು ತಂದ ಟ್ಯಾಂಕರ್ ಸೋರಿದ ಜಾಗಕ್ಕೆ ಸಂಜೆ ಚಿಗರಿಗಳು ಬಂದು ನೆಲ ನೆಕ್ಕುತ್ತಿದ್ದವು. ಖರೇ ಕಾಡುಪ್ರಾಣಿ. ಅವುಗಳ ಕಡೆ ಯಾರೂ ಕ್ಯಾಮೆರಾ ತಿರುಗಿಸಲಿಲ್ಲ. ಅವು ಕಥೆಯಲ್ಲಿ ಇರಲಿಲ್ಲ.

ಹುಲಿಗೆ ದತ್ತಾತ್ರಿಯನ್ನು ಆರಿಸಿದ್ದು ಮೊಹರಂನ ವಿಡಿಯೋ ನೋಡಿ. ಅವನು ಹೈಸ್ಕೂಲಿನಿಂದಲೂ ಅಲಾಯಿಯ ಬೆಂಕಿಕುಣಿ ಮುಂದೆ ಹುಲಿವೇಷ ಹಾಕಿ ಕುಣಿಯುತ್ತಿದ್ದ. ಕಲಿಸಿದವರು ರಶೀದ ಅಹ್ಮದ ಚಾಚಾ. ಚಾಚಾನದು ಒಂದೇ ನಿಯಮ. ವೇಷ ಮೈಮೇಲಿರುವಾಗ ಮಾತಾಡುವಂತಿಲ್ಲ. "ಹುಲಿ ಮಾತಾಡಿತಂದ್ರ ಅದು ಹುಲಿ ಅಲ್ಲ, ಸೋಂಗು," ಅನ್ನುತ್ತಿದ್ದರು. ನೀರು ಬೇಕಾದರೂ ಕೈಸನ್ನೆ. ಸಿನಿಮಾದ ಹುಲಿಗೂ ದತ್ತಾತ್ರಿ ಅದೇ ನಿಯಮ ಇಟ್ಟುಕೊಂಡ.

ಸಿನಿಮಾದ ಹುಲಿ ಸ್ಪಂಜಿನದು. ಕಣ್ಣು ಗಾಜಿನವು, ಅವುಗಳಿಂದ ಏನೂ ಕಾಣುತ್ತಿರಲಿಲ್ಲ. ಬಾಯಿಯೊಳಗೆ ಕರಿ ಜಾಳಿಗೆ ಹಾಕಿದ್ದರು. ಜಗತ್ತನ್ನು ಅದರಿಂದಲೇ ನೋಡಬೇಕು, ಮೇಲೆ ಹಲ್ಲು, ಕೆಳಗೆ ಹಲ್ಲು, ನಡುವೆ ಒಂದು ಅಂಗೈಯಷ್ಟು ಬೆಳಕು.

ಆ ಬೆಳಕಿನಲ್ಲಿ ದಿನವೂ ಶಾಲು ಕಾಣುತ್ತಿದ್ದಳು.

ಅವಳು ಔರಾದಿನ ಕಾಶೀರಾಮನ ಮಗಳು. ಅಜ್ಜಿಯ ಹೆಸರು ಇಟ್ಟಿದ್ದರು. ಹೆಸರಿನ ಕೊನೆಯ 'ಬಾಯಿ'ಯನ್ನು ಅವಳು ಕಾಲೇಜಿನ ಹಾಜರಿಯಲ್ಲಿ ಬಿಟ್ಟರೆ ಎಲ್ಲೂ ಒಪ್ಪುತ್ತಿರಲಿಲ್ಲ. ದತ್ತಾತ್ರಿ ಬೀದರದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮಾಡುವಾಗ ಅವಳು ಔರಾದಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅವನು ದಿನಾ ಬೆಳಿಗ್ಗೆ, ಯಾವ ಕೆಲಸವೂ ಇಲ್ಲದೆ, ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದ. ಸಂಜೆಯೂ ಇರುತ್ತಿದ್ದ.

"ಏನ್ ನೋಡ್ತಿ?" ಅಂದಿದ್ದಳು ಒಂದು ಸಂಜೆ, ಬಸ್ಸಿನ ಕಿಟಕಿಯಿಂದ. "ಮುಂಜಾನಿ ನೋಡಿದ್ದು ಸಾಲಲಿಲ್ಲೇನು?"

ಪ್ರೀತಿ ಅಂತ ಇಬ್ಬರಲ್ಲಿ ಯಾರಾದರೂ ಆಡಿದ ಮಾತು ಅಷ್ಟೇ. ಅದರ ಮೇಲೆ ದತ್ತಾತ್ರಿ ಎರಡು ವರ್ಷ ಬದುಕಿದ್ದ.

ಡಿಗ್ರಿ ಮುಗಿದ ಮೇಲೆ ಶಾಲು ಬೀದರದ ಚೌಬಾರಾ ಹತ್ತಿರ ಆಬೇದಾ ಆಪಾಳ ರೆಕಾರ್ಡಿಂಗ್ ಅಂಗಡಿ ಸೇರಿದಳು. ಸೀರೆ ಸೇಲ್, ಸರ್ಕಸ್, ನಳ ಬರುವ ದಿನ, ಎಲ್ಲಕ್ಕೂ ಆಟೋಗಳಲ್ಲಿ ಅವಳದೇ ಧ್ವನಿ. ಸಿನಿಮಾದವರು ಅದನ್ನು ಕೇಳಿಯೇ ಅವಳನ್ನು ಹುಡುಕಿಕೊಂಡು ಬಂದರು. ಬೆಂಗಳೂರಿನ ಹೀರೋ ಹೀರೋಯಿನ್ನಿಗೆ ಬೀದರದ ಮಾತು ಕಲಿಸಬೇಕಿತ್ತು.

"ಹ್ಯಾಂಗಿದ್ದಿ ಅನ್ರಿ," ಅನ್ನುತ್ತಿದ್ದಳು ಶಾಲು ವಿಹಾನನಿಗೆ.

"ಹ್ಯಾಂಗ್ ಇದ್ದೀ."

"ಡಾಕ್ಟರು ಕೇಳಿದಂಗ ಕೇಳಬ್ಯಾಡ್ರಿ. ಭೆಟ್ಟಿ ಆಗಿ ಭಾಳ ದಿನ ಆಗ್ಯಾದ, ಸಿಟ್ಟೂ ಅದ, ಆಸಿನೂ ಅದ. ಹಂಗ ಕೇಳ್ರಿ."

ವಿಹಾನ ಅವಳ ಕಣ್ಣಲ್ಲೇ ಕಣ್ಣಿಟ್ಟು, ದನಿ ತಗ್ಗಿಸಿ, "ಹ್ಯಾಂಗಿದ್ದಿ?" ಅಂದ. ಶಾಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹುಲಿಯ ಹಲ್ಲುಗಳ ನಡುವಿನಿಂದ ದತ್ತಾತ್ರಿ ಆ ಕೈಯನ್ನು ನೋಡಿದ. ಅವನ ಮುಂದೆ ಅವಳು ಎಂದೂ ಬಾಯಿ ಮುಚ್ಚಿ ನಕ್ಕವಳಲ್ಲ. ಹಲ್ಲು, ವಸಡು ಎಲ್ಲ ತೋರಿಸಿ ನಗುತ್ತಿದ್ದಳು. ಹಾಗೆ ನಗುವುದು ಹತ್ತಿರದವರ ಮುಂದೆಯೋ, ಲೆಕ್ಕಕ್ಕಿಲ್ಲದವರ ಮುಂದೆಯೋ? ಸ್ಪಂಜಿನೊಳಗೆ ಬೆವರು ಬೆನ್ನಿನಿಂದ ಕಾಲಿಗೆ ಇಳಿಯುತ್ತಿತ್ತು.

ಮುಂದಿನ ಶಾಟಿನಲ್ಲಿ ಹುಲಿ ವಿಹಾನನ ಮುಂದೆ ಬಂದು ಗುರ್ ಅನ್ನಬೇಕಿತ್ತು. ಹುಲಿ ಗುರ್ ಅನ್ನಲಿಲ್ಲ. ಓಡಿಬಂದು ಎದೆಗೆ ಗುದ್ದಿತು. ವಿಹಾನ ಜಾಲಿಮುಳ್ಳಿನ ಮೇಲೆ ಅಂಗಾತ ಬಿದ್ದು, ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು ಆಡಿದ. ಯಾರೂ ಕಟ್ ಅನ್ನಲಿಲ್ಲ. ಡೈರೆಕ್ಟರ್ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದ.

"ಟೈಗರ್! ಏನ್ ಆ್ಯಕ್ಟಿಂಗ್ ಗುರೂ!"

ಅದು ಆ್ಯಕ್ಟಿಂಗ್ ಅಲ್ಲ ಎಂದು ಗೊತ್ತಿದ್ದವಳು ಶಾಲು ಒಬ್ಬಳೇ. ಅವಳು ಹುಲಿಯನ್ನು ದಿಟ್ಟಿಸಿ ನೋಡುತ್ತಿದ್ದಳು, ನಗದೆ.

*

ಅಂದೇ ಮಧ್ಯಾಹ್ನ ವೇಷದ ಜಿಪ್ಪು ಸಿಕ್ಕಿಹಾಕಿಕೊಂಡಿತು. ಬಿಚ್ಚಲು ಬರುವವನು ಔರಾದಿಗೆ ಹೋಗಿದ್ದ. ಎಲ್ಲರೂ ಊಟಕ್ಕೆ ಹೋದರು. ಹುಲಿ ಬೇವಿನ ಗಿಡದ ಕೆಳಗೆ ಒಂಟಿಯಾಗಿ ಕೂತಿತ್ತು.

ಶಾಲು ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಬೇವಿನ ಕಡ್ಡಿಯಿಂದ ನೆಲದ ಮೇಲೆ ಗೀಚಿದಳು.

"ದತ್ತು, ಡೈರೆಕ್ಟರ್ ಸರ್ ಬೆಂಗಳೂರಿಗಿ ಬಾ ಅಂದಾರ. ಹೀರೋಯಿನ್‌ಗ ನನ್ನ ಧ್ವನಿನೇ ಹಾಕ್ತಾರಂತ. ಅಪ್ಪ ಹೂಂ ಅಂದಾನ." ಕಡ್ಡಿ ಮುರಿಯಿತು. "ನೀ ಏನಂತಿ? ಹೋಗ್ಲೇನು?"

ಹುಲಿಯ ಬಾಯಿಯಲ್ಲಿ ಅವಳ ಮುಖ ತುಂಬಿತ್ತು. ಹುಬ್ಬಿನ ಮೇಲೆ ಧೂಳು ಕೂತಿತ್ತು. ಕಣ್ಣು ಗಾಜಿನ ಕಣ್ಣನ್ನು ಬಿಟ್ಟು ಸೀದಾ ಜಾಳಿಗೆಯೊಳಗೆ ನೋಡುತ್ತಿದ್ದವು.

ದತ್ತಾತ್ರಿ ಬಾಯಿ ತೆರೆದ. ಚಾಚಾನ ಮಾತು ನೆನಪಾಯಿತು. ಅದೇ ಹೊತ್ತಿಗೆ ಟೆಂಟಿನ ಕಡೆಯಿಂದ ವಿಹಾನ, "ಶಾಲೂ, ಊಟಕ್ಕೆ ಬಾ," ಎಂದು ಕೂಗಿದ. ಶಾಲು ಆ ಕಡೆ ತಿರುಗಿ, "ಬಂದೆ ರೀ," ಅಂದಳು. ಆ 'ರೀ' ದತ್ತಾತ್ರಿಯ ಕಿವಿಯಲ್ಲಿ ಉಪ್ಪು ಹಾಕಿದ ಹಾಗೆ ಉರಿಯಿತು. ತೆರೆದ ಬಾಯಿ ಮುಚ್ಚಿದ.

"ದತ್ತು, ನಿಂಗೇ ಕೇಳ್ಲಾಕತ್ತೀನಿ. ಹೋಗ್ಲೇನು?"

ಹುಲಿ ಬಾಲ ಕೂಡ ಅಲ್ಲಾಡಿಸಲಿಲ್ಲ.

ಶಾಲು ಎದ್ದಳು. ಸಲ್ವಾರಿನ ಧೂಳು ಜಾಡಿಸಿದಳು. ಆ ಧೂಳು ಜಾಳಿಗೆಯೊಳಗೆ ಬಂದು ಅವನ ಕಣ್ಣಿಗೆ ಬಿತ್ತು.

"ಆತು," ಅಂದಳು.

ಜಿಪ್ಪು ಬಿಚ್ಚಿ ಅವನು ಮನುಷ್ಯನಾಗುವ ಹೊತ್ತಿಗೆ ಪ್ರೊಡಕ್ಷನ್ ಕಾರು ಬೆಂಗಳೂರಿಗೆಂದು ಬೀದರದ ದಾರಿ ಹಿಡಿದಿತ್ತು. ಶಾಲು ಹಿಂದಿನ ಸೀಟಿನಲ್ಲಿದ್ದಳು, ವಿಹಾನ ಮುಂದಿನ ಸೀಟಿನಲ್ಲಿ. ಹಾಗೆಂದು ಅಡುಗೆಯವರು ಹೇಳಿದರು. ದತ್ತಾತ್ರಿಗೆ ಆ ವಿವರದಿಂದ ಯಾವ ಸಮಾಧಾನವೂ ಆಗಲಿಲ್ಲ.

*

ಭಾಲ್ಕಿಯ ಟಾಕೀಸಿನಲ್ಲಿ ಬೆರಳೆಣಿಕೆಯ ಜನರಿದ್ದರು. ಅರ್ಧದಷ್ಟು ಜನ ಫ್ಯಾನಿನ ಕೆಳಗೆ ಮಲಗಿದ್ದರು. ಪರದೆಯ ಮೇಲೆ ಹೀರೋಯಿನ್ ಬಂದಳು, ಬಾಯಿ ತೆರೆದಳು. ಶಾಲು ಮಾತಾಡಿದಳು.

ದತ್ತಾತ್ರಿ ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡ. ಬೇರೆ ಯಾರದೋ ತುಟಿ, ಬಣ್ಣ ಹಚ್ಚಿದ್ದು. ಒಳಗೆ ಅವಳ ಗಂಟಲು, ಮಾತು ಮುಗಿಸುವಾಗ ತುಸು ಒಡೆಯುವ ಆ ಗಂಟಲು. ಅದು ವಿಹಾನನಿಗೆ, "ಹಸಿವಾಗ್ಯಾದೇನು?" ಅಂತ ಕೇಳುತ್ತಿತ್ತು. "ಬಿಸಿಲಾಗ ನಿಂದ್ರಬ್ಯಾಡ," ಅನ್ನುತ್ತಿತ್ತು. ತನಗೆ ಅವಳು ಹಸಿವಿನ ಬಗ್ಗೆ ಎಂದಾದರೂ ಕೇಳಿದ್ದಳೇ? ಅವನು ಲೆಕ್ಕ ಹಾಕುತ್ತ ಕೂತ.

ಆಮೇಲೆ ವಿಹಾನ ಹೀರೋಯಿನ್ನನ್ನು ನೋಡುತ್ತ ನಿಲ್ಲುವ ದೃಶ್ಯ ಬಂತು. ಹೀರೋಯಿನ್ ಜಡೆ ಹಿಂದೆ ಎಸೆದಳು.

"ಏನ್ ನೋಡ್ತಿ? ಮುಂಜಾನಿ ನೋಡಿದ್ದು ಸಾಲಲಿಲ್ಲೇನು?"

ದತ್ತಾತ್ರಿಗೆ ತನ್ನ ಮನೆಯ ತಂಬಿಗೆಯನ್ನು ಪರರ ಜಗಲಿಯ ಮೇಲೆ ಕಂಡಂತಾಯಿತು. ಇದ್ದದ್ದೇ ಆ ಒಂದು ಮಾತು. ಅದನ್ನೂ ಕೊಟ್ಟುಬಿಟ್ಟಳೇ? ಎದ್ದು ಹೋಗಬೇಕೆಂದು ಚಪ್ಪಲಿ ಹುಡುಕಿದ. ಕತ್ತಲಲ್ಲಿ ಒಂದೇ ಸಿಕ್ಕಿತು.

ಅಷ್ಟರಲ್ಲಿ ಹುಲಿ ಓಡಿಬಂದು ವಿಹಾನನ ಎದೆಗೆ ಗುದ್ದಿತು. ಮಲಗಿದ್ದವರು ಎದ್ದು ಕೂತು ನಕ್ಕರು. ಅಷ್ಟು ಹೊತ್ತಿನ ಸಿನಿಮಾದಲ್ಲಿ ಜನ ನಕ್ಕದ್ದು ಅಲ್ಲೊಂದೇ.

"ವ್ಹಾ ರೇ ಹುಲಿ! ಇನ್ನೊಂದು ಹಾಕು!" ಹಿಂದಿನಿಂದ ಒಬ್ಬ ಕೂಗಿದ.

ದತ್ತಾತ್ರಿಗೆ ತುಸು ಹಿತವೆನಿಸಿತು. ಎರಡನೇ ಚಪ್ಪಲಿ ಹುಡುಕುವುದನ್ನು ನಿಲ್ಲಿಸಿದ.

ಕೊನೆಗೆ ಹುಲಿಯೊಳಗೆ ಮನುಷ್ಯನಿದ್ದಾನೆಂದು ಊರಿಗೆಲ್ಲ ಗೊತ್ತಾಗುತ್ತದೆ. ಹೀರೋಯಿನ್ ಓಡಿಬಂದು ಹುಲಿಯ ಕೊರಳು ತಬ್ಬಿಕೊಳ್ಳುತ್ತಾಳೆ. ಅದನ್ನು ಅವಳ ಬೆನ್ನ ಹಿಂದಿನಿಂದ ತೆಗೆದಿದ್ದರು, ತುಟಿ ಕಾಣುತ್ತಿರಲಿಲ್ಲ. ಬಿಸಿಲಿನಲ್ಲಿ ಮತ್ತೆ ಮತ್ತೆ ತೆಗೆದಿದ್ದರಿಂದ ಅವಳ ಮಾತು ದತ್ತಾತ್ರಿಗೆ ಬಾಯಿಪಾಠವಾಗಿತ್ತು: 'ನೀನೇ ನಮ್ಮ ಶೋ ಉಳಿಸಿದಿ, ಹುಲಿರಾಯ.'

ಪರದೆಯ ಮೇಲೆ ಆ ಬೆನ್ನು ಬಂತು, ಜಡೆ ಬಂತು, ಹುಲಿಯ ಮುಖ ಬಂತು. ಮಾತು ಬೇರೆ ಬಂತು.

"ಕೇಳಿದ್ದಕ್ಕ ಹೇಳ್ಲಾಕ ಬಾಯಿಲ್ಲೇನು ನಿಂಗ? ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಗಿಡದ ಕೆಳಗ ಕುಂತು ಎರಡು ಸಲ ಕೇಳೀನಿ. ಬಾಯಿ ಮುಚ್ಕೊಂಡು ಕೂಡ್ತಿ, ಈಗ ನೋಡಿದ್ರ ಹೆಣ್ಮಕ್ಕಳ ಕೊಳ್ಳಿಗಿ ಬೀಳ್ತಿ!"

"ಈಕಿ ಯಾರಿಗಿ ಬೈಲಾಕತ್ತಾಳೋ?" ಮುಂದಿನ ಸಾಲಿನವನು ಪಕ್ಕದವನನ್ನು ಕೇಳಿದ. "ತಬ್ಕೊಂಡಾಕಿ ತಾನೇ, ಬೈಯಾಕಿನೂ ತಾನೇ?"

"ಬಿಡು ಪಾ. ಇವರಿಗೇ ಗೊತ್ತಿಲ್ಲ."

ದತ್ತಾತ್ರಿ ಒಂದೇ ಚಪ್ಪಲಿಯಲ್ಲಿ ಹೊರಗೆ ಬಂದ. ಮತ್ತೆ ಒಳಗೆ ಹೋಗಿ ಇನ್ನೊಂದನ್ನು ತಂದ. ಬೀದರದ ಬಸ್ಸು ಹೊರಟಿತ್ತು. ಓಡಿ ಹತ್ತಿದ.

*

ಆಬೇದಾ ಆಪಾಳ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ. ಹೊರಗಿನ ಸದ್ದು ಬರದಿರಲೆಂದು ನಾಲ್ಕೂ ಗೋಡೆಗೆ ಹಳೆಯ ಕೌದಿ ಹೊಡೆದಿದ್ದರು. ಬಾಗಿಲ ಮೇಲೆ ಕೆಂಪು ಬಲ್ಬು. ಅದು ಉರಿಯುವಾಗ ಯಾರೂ ಒಳಗೆ ಹೋಗುವಂತಿಲ್ಲ, ಉಸಿರು ಕೂಡ ಜೋರಾಗಿ ಬಿಡುವಂತಿಲ್ಲ.

ಬಲ್ಬು ಉರಿಯುತ್ತಿತ್ತು. ಒಳಗೆ ಶಾಲು ಕೂಲರ್ ಸೇಲಿನ ಜಾಹೀರಾತು ಹೇಳುತ್ತಿದ್ದಳು.

ದತ್ತಾತ್ರಿ ಬಾಗಿಲ ಮುಂದೆ ನಿಂತ. ಒಂದು ನಿಯಮ ಪಾಲಿಸಿ ಆದದ್ದು ಸಾಕಾಗಿತ್ತು. ಬಾಗಿಲು ತಳ್ಳಿದ.

"ಏ ಬಾಬಾ, ಲಾಲ್ ಬತ್ತಿ ಕಾಣಂಗಿಲ್ಲೇನು?" ಆಬೇದಾ ಆಪಾ ಹಿಂದಿನಿಂದ ಕೂಗಿದಳು.

"ಊಹೂಂ," ಅಂದ ದತ್ತಾತ್ರಿ.

ಹೇಳಿದ್ದು ಆಪಾಳಿಗಲ್ಲ. ಶಾಲು ಮೈಕಿನ ಮುಂದೆ, ಕೈಯಲ್ಲಿ ಹಾಳೆ ಹಿಡಿದು, ಬಾಯಿ ಅರ್ಧ ತೆರೆದು ನಿಂತಿದ್ದಳು. ತೆಳ್ಳಗಾಗಿದ್ದಳು. ಕೂದಲು ಮೊದಲಿನ ಹಾಗೆಯೇ, ಹಣೆಯ ಮೇಲೆ ಒಂದು ಎಳೆ.

"ಏನ್ ಊಹೂಂ?"

"ಅವತ್ತ ಕೇಳಿದ್ದಿಯಲ್ಲಾ. ಹೋಗ್ಲೇನು ಅಂತ. ಊಹೂಂ."

ಶಾಲು ಹಾಳೆ ಕೆಳಗಿಟ್ಟಳು.

"ಹೋಗಿ ಬಂದೀನಿ. ಸಿನಿಮಾ ಆತು, ಅದು ಮಕಾಡೆನೂ ಮಲಗಿತು. ಈಗ ಬಂದು ಊಹೂಂ ಅಂತಿ?"

"ಹುಲಿಯಾಗಿದ್ದಾಗ ಮಾತಾಡಬಾರದು. ಚಾಚಾ ಹೇಳ್ಯಾರ. ನಿಂಗ ಗೊತ್ತದ ಅನ್ಕೊಂಡಿದ್ದೆ."

"ನಂಗ ಹ್ಯಾಂಗ ಗೊತ್ತಾಗಬೇಕು? ನಾ ಏನು ಅಲಾಯಿದಾಗ ಕುಣೀತೇನಿ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಬರೋಬರಿ, ಮಾತಾಡಬಾರದು. ತಲಿ ಅಲ್ಲಾಡಿಸಬಾರದು ಅಂತನೂ ಹೇಳ್ಯಾರೇನು ಚಾಚಾ?"

ದತ್ತಾತ್ರಿ ಕೌದಿಯ ಹೊಲಿಗೆ ನೋಡಿದ.

"ಇಲ್ಲ."

"ಮತ್ತ?"

"ಹೊಟ್ಟಿ ಉರೀತಿತ್ತು."

"ಯಾರ ಮ್ಯಾಲ?"

"ವಿಹಾನ್ ಮ್ಯಾಲ. ಅವಂಗ ಬಂದೆ ರೀ ಅಂದಿ. ಅವನ ಮುಂದ ಬಾಯಿ ಮುಚ್ಕೊಂಡು ನಗ್ತಿದ್ದಿ. ಫೋಟೋದಾಗ ಅವನ ಮೊಣಕೈ ಅದ."

"ಮೊಣಕೈ?" ಶಾಲು ನೆನಪು ಮಾಡಿಕೊಂಡಳು. "ಏ ಹುಚ್ಚಾ, ಅಂವ ಮೈಕ್ ಸ್ಟ್ಯಾಂಡ್ ಹಿಡ್ಕೊಂಡಿದ್ದ. ಅದರ ಕಾಲು ಮುರಿದಿತ್ತು. ಬಾಯಿ ಯಾಕ ಮುಚ್ಕೊಂಡೆ ಗೊತ್ತದೇನು? ಅಷ್ಟು ಕಲಿಸಿದ್ರೂ ಅವಂಗ ಒಂದು ಹ್ಯಾಂಗಿದ್ದಿ ಅನ್ಲಾಕ ಬರ್ಲಿಲ್ಲ. ಮಾರಿ ಮ್ಯಾಲೇ ಹ್ಯಾಂಗ ನಗಬೇಕು?"

"ನನ್ನ ಮಾತು ಕೊಟ್ಟಿ ಅವಂಗ. ಮುಂಜಾನಿ ನೋಡಿದ್ದು ಸಾಲಲಿಲ್ಲೇನು ಅಂತ."

"ಅದು ನಿನ್ನ ಮಾತು ಹ್ಯಾಂಗಾತು? ಆಡಿದಾಕಿ ನಾನು." ಅವಳ ದನಿ ತಗ್ಗಿತು. "ಅಲ್ಲಿ ಕೂತು ಪ್ರೀತಿ ಮಾತು ಹೇಳು ಅಂದ್ರು. ನಂಗ ಬರೋದು ಅದೊಂದೇ. ಕಣ್ಣು ಮುಚ್ಚಿ ಬಸ್ ಸ್ಟ್ಯಾಂಡ್ ನೆನಸ್ಕೊಂಡು ಹೇಳೀನಿ."

ಶಾಲುವಿಗೆ ಹೇಳುವುದು ಇನ್ನೂ ಇತ್ತು.

"ಹೊಟ್ಟಿ ನಿಂದೊಂದೇ ಉರೀತದೇನು? ಆ ಹೀರೋಯಿನ್ ನಿನ್ನ ಕೊಳ್ಳಿಗಿ ಬೀಳೋ ಸೀನ್ ಆ ಸ್ಟುಡಿಯೋದಾಗ ದಿನಪೂರ್ತಿ ಹಾಕಿ ಹಾಕಿ ತೋರಿಸ್ಯಾರ. ಆಕಿ ಅಪ್ಕೋತಾಳ, ನಾ ಮಾತಾಡಬೇಕು. ಮತ್ತ ಹಿಂದಕ್ಕ ಹೋಗ್ತದ, ಮತ್ತ ಅಪ್ಕೋತಾಳ. ಹುಲಿರಾಯ ಅಂತ ಹುಲಿರಾಯ! ಡೈರೆಕ್ಟರ್ ಬೇಜಾರಾಗಿ ಮನೀಗಿ ಹೋಗಿದ್ದ. ಉಳಿದೋರಿಗಿ ನಮ್ಮ ಮಾತು ತಿಳೀಲಿಲ್ಲ. ಬಾಯಿಗಿ ಬಂದದ್ದು ಅಂದೆ."

"ಅದಕ್ಕೇ ಬಂದೀನಿ."

"ನೋಡ್ದಿ?"

"ನೋಡ್ದೆ. ನೀ ಬಂದು ತಿಂಗಳಾತು, ಕರೀಲಿಲ್ಲ."

"ಎರಡು ಸಲ ಕೇಳೀನಿ, ದತ್ತು. ಮೂರನೇದ್ದು ನಿನ್ನ ಪಾಳಿ ಇತ್ತು. ಹೋಗು ಅಂದಿದ್ರ ಹೋಗ್ತಿದ್ದೆ, ಬ್ಯಾಡ ಅಂದಿದ್ರ ಜಗಳಾಡಿ ಹೋಗ್ತಿದ್ದೆ. ನೀ ಏನೂ ಅನ್ಲಿಲ್ಲ."

ದತ್ತಾತ್ರಿ ಮೈಕಿನ ವೈರು ದಾಟಿ ಹತ್ತಿರ ಬಂದ.

"ಮುಂದಿನ ವಾರ ಅಣ್ಣನ ಜೋಡಿ ಹೈದರಾಬಾದಿಗಿ ಕೆಲಸಕ್ಕ ಹೋಗೋದದ. ಹೋಗ್ಲೇನು?"

ಶಾಲು ಸ್ಟೂಲಿನ ಮೇಲೆ ಕೂತಳು. ಎರಡೂ ಅಂಗೈ ಮೊಣಕಾಲ ಮೇಲೆ ಊರಿದಳು. ಬಾಯಿ ಬಿಗಿದು ಅವನನ್ನು ದಾಟಿ ಗೋಡೆಯ ಕಡೆ ನೋಡಿದಳು. ರೆಪ್ಪೆ ಬಡಿಯಲಿಲ್ಲ.

"ಶಾಲು. ಕೇಳ್ಲಾಕತ್ತೀನಿ."

ಅವಳು ಅಲ್ಲಾಡಲಿಲ್ಲ. ಕೌದಿಗಳ ಆ ಕೋಣೆಯಲ್ಲಿ ಮೌನ ಎಷ್ಟು ದಪ್ಪವಾಗಿರುತ್ತದೆಂದು ದತ್ತಾತ್ರಿಗೆ ಆಗ ತಿಳಿಯಿತು. ಬೇವಿನ ಗಿಡದ ಕೆಳಗೆ ಅವಳಿಗೂ ಹೀಗೇ ಆಗಿರಬೇಕು.

"ಏನರ ಅನ್ನು ಮಾರಾಯ್ತಿ."

"ಹಿಂಗಾಗಿತ್ತು ನಂಗ," ಅಂದಳು ಶಾಲು. ಕಣ್ಣು ಒದ್ದೆಯಾಗಿದ್ದವು. ಕೈ ಅಡ್ಡ ಹಿಡಿಯದೆ, ವಸಡು ಕಾಣುವ ಹಾಗೆ ನಕ್ಕಳು. "ಹೋಗು. ಇಲ್ಲಿ ಕೂತು ಏನು ಮಾಡ್ತಿ? ದಿನಾ ಫೋನ್ ಮಾಡು. ಮಳಿ ಬಿದ್ದ ಮ್ಯಾಲ ಬಾ. ಬಂದು ನಮ್ಮಪ್ಪಗ ಕೇಳು. ಬಾಯಿ ಬಿಟ್ಟು ಕೇಳು ಮತ್ತ."

"ಕೇಳ್ತೇನಿ."

ಅವನು ಅವಳ ಕೈ ಹಿಡಿದ. ಮೊದಲ ಸಲ. ಬೆರಳುಗಳ ಮೇಲೆ ಶಾಯಿ ಇತ್ತು, ಅಂಗೈ ಬೆವೆತಿತ್ತು.

"ರೆಕಾರ್ಡಿಂಗ್ ಬಂದ್ ಮಾಡಿಲ್ಲ ನೋಡ್ರಿ!" ಆಬೇದಾ ಆಪಾ ಹೊರಗಿನಿಂದ ಕೂಗಿದಳು. "ಕೂಲರ್ ಮಾರ್ತೀರೋ, ಇದನ್ನೇ ಊರಾಗ ತಿರುಗಸ್ಲೋ?"

ಶಾಲು ಕೈ ಬಿಡಿಸಿಕೊಳ್ಳಲಿಲ್ಲ.

"ಆಪಾ, ಇದನ್ನ ಅಳಸಬ್ಯಾಡ್ರಿ. ಇನ್ನೊಮ್ಮೆ ಹೇಳ್ತೇನಿ ಕೂಲರ್‌ದು," ಅಂದಳು. ಆಮೇಲೆ ದತ್ತಾತ್ರಿಯ ಕಡೆ ತಿರುಗಿ, ಹಣೆಯ ಎಳೆ ಹಿಂದೆ ಸರಿಸಿ, ಮೆಲ್ಲಗೆ ಕೇಳಿದಳು. "ನಂಗ ಇನ್ನೊಂದು ಸಿನಿಮಾ ಬಂದದ. ಹೋಗ್ಲೇನು?"

ಅವನು ಈ ಸಲ ತಡ ಮಾಡಲಿಲ್ಲ.

"ಹೋಗು. ಹೊಟ್ಟಿ ಉರೀತದ, ಖರೇ ಹೇಳ್ತೇನಿ. ಆದ್ರ ಹೋಗು."

"ಹೀರೋ ಯಾರಂತ ಕೇಳಂಗಿಲ್ಲೇನು?"

"ಊಹೂಂ."

"ಛಲೋ ಆತು. ಅದರಾಗ ಹುಲಿ ಇಲ್ಲಂತ. ಕರಡಿ ಅದಂತ."

ದತ್ತಾತ್ರಿ ಅವಳ ಕೈಯನ್ನು ತುಸು ಬಿಗಿಯಾಗಿ ಹಿಡಿದು ಕೇಳಿದ:

"ಕರಡಿ ಯಾರು ಮಾಡ್ತಾರಂತ?"